ಮನೆಗೊಂದು ಟ್ರಯಲ್

ದರ್ಜಿ ತನ್ನ ಅಂಗಡಿಯ ಮೇಜಿನ ಮುಂದೆ ನಿಂತು ಮಹಾಪ್ರತಿಜ್ಞೆಯೊಂದನ್ನು ಮಾಡಿದ. ಮೇಸ್ತ್ರಿ ಹೇಳಿದ ಮನೆ ಕಟ್ಟುವ ಖರ್ಚಿನಲ್ಲಿ ಮೂರನೇ ಒಂದು ಪಾಲನ್ನು ತಾನು ಕತ್ತರಿಸಿ ಹಾಕದಿದ್ದರೆ ಇನ್ನು ಮುಂದೆ ಕತ್ತರಿಯನ್ನೇ ಮುಟ್ಟುವುದಿಲ್ಲ!

“ಎರಡೂವರೆ ಮೀಟರ್ ಬಟ್ಟೇಲಿ ಮೂರು ಮೀಟರ್ ಬೇಕಾದ ಮನುಷ್ಯನಿಗೆ ಸೂಟು ಹೊಲಿದವನು ನಾನು. ಒಂದು ಮನೆ ಯಾವ ಮಹಾ?” ಎಂದ.

“ಆ ಮನುಷ್ಯ ಆ ಸೂಟಲ್ಲಿ ಕೂತಿದ್ದನ್ನ ನಾನಂತೂ ನೋಡಿಲ್ಲ,” ಎಂದಳು ಹೆಂಡತಿ. ಅಂಗಿಗೆ ಗುಂಡಿ ಹಚ್ಚುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅವರ ಸಂಸಾರ ಮೂವತ್ತು ವರ್ಷ ನಡೆದಿತ್ತು. ಹಲಗೆಯ ಗೋಡೆಯ ಈಚೆ ಅವಳ ಮಂಚ, ಆಚೆ ಅವನ ಹೊಲಿಗೆ ಮೆಷಿನ್ನು. ಕೆಲಸ ಹೆಚ್ಚಿದ ದಿನ ಅವನು ಹೊತ್ತಿಲ್ಲದ ಹೊತ್ತಿನವರೆಗೂ ತುಳಿಯುತ್ತಿದ್ದ. ಆಚೆಯಿಂದ ಕಟಕಟ, ಈಚೆಯಿಂದ “ಈ ಕಟಕಟ ಯಾವತ್ತು ನಿಲ್ಲುತ್ತೋ ಏನೋ.” ದರ್ಜಿ ತುಳಿಯುತ್ತಲೇ ಇರುತ್ತಿದ್ದ. ಆದರೆ ಆ ಮಾತು ಗುಂಡುಸೂಜಿಯ ಹಾಗೆ ಅವನ ಮನಸ್ಸಿನಲ್ಲಿ ಚುಚ್ಚಿಕೊಂಡು ಕೂತಿತ್ತು. ಪಾಪ, ನನ್ನನ್ನು ಕಟ್ಟಿಕೊಂಡ ತಪ್ಪಿಗೆ ಇವಳಿಗೆ ನೆಟ್ಟಗೆ ನಿದ್ದೆಯೂ ಇಲ್ಲವಾಯಿತಲ್ಲ ಎಂದು ಎಷ್ಟೋ ಸಲ ಒಳಗೊಳಗೇ ಕೊರಗಿದ್ದ.

ಊರಾಚೆ ಹೊಲಗಳ ನಡುವೆ ಒಂದು ತುಂಡು ಭೂಮಿ ಕೊಂಡ ಮೇಲೆ, ಯಾವುದೋ ಕ್ಯಾಲೆಂಡರಿನಲ್ಲಿ ಅವನಿಗೆ ತನ್ನ ಮನೆ ಕಾಣಿಸಿತು. ಹಲಗೆಯ ಗೋಡೆ, ಎತ್ತರದ ಇಳಿಜಾರು ಮಾಡು, ಮೇಲೆ ತಗಡು, ಒಳಗೊಂದು ಅಟ್ಟ. ಮೆಷಿನ್ನು ಅಟ್ಟಕ್ಕೆ, ಹೆಂಡತಿಯ ಮಂಚ ಕೆಳಕ್ಕೆ! ಅಟ್ಟ ಯಾಕೆಂದು ಮಾತ್ರ ಅವಳಿಗೆ ಹೇಳಲಿಲ್ಲ. ಮನೆ ಮುಗಿದ ದಿನ, ಅವಳು ಸದ್ದಿಲ್ಲದ ಕೋಣೆಯಲ್ಲಿ ಮಲಗಿ ಎದ್ದ ಮೇಲೆ, ತಾನಾಗಿಯೇ ತಿಳಿಯಲಿ ಎಂಬ ಆಸೆ.

“ಇದು ದನದ ಕೊಟ್ಟಿಗೆ ಥರ ಇದೆಯಲ್ರೀ,” ಎಂದಳು ಅವಳು ಚಿತ್ರ ನೋಡಿ.

“ಕೊಟ್ಟಿಗೆ ಮಾದರಿ ಅಂತಲೇ ಅದಕ್ಕೆ ಹೆಸರು. ಈಗಿನ ದೊಡ್ಡ ದೊಡ್ಡವರೆಲ್ಲ ಹೀಗೇ ಕಟ್ಟಿಸೋದು.”

“ಹಾಗಾದ್ರೆ ದನಗಳಿಗೆ ಈ ಬುದ್ಧಿ ಮೊದಲೇ ಇತ್ತು ಅನ್ನಿ.”

ಮೇಸ್ತ್ರಿ ಬಂದು ಜಾಗ ನೋಡಿ ಖರ್ಚು ಹೇಳಿದ. ಮನೆ ಇನ್ನೂ ನೆಲ ಬಿಟ್ಟು ಮೇಲೆದ್ದಿರಲಿಲ್ಲ, ಖರ್ಚು ಆಗಲೇ ಮಾಡಿಗೆ ಮುಟ್ಟಿತ್ತು.

“ಹೊಲದ ಮಧ್ಯೆ ಅಂದ್ರೆ ಅಗ್ಗ ಅಂದ್ಕೊಂಡ್ರಾ? ಲಾರಿ ಬರೋಕೆ ದಾರಿ ಆಗ್ಬೇಕು, ನೀರಿಗೆ ಬೋರು, ಕರೆಂಟಿಗೆ ಕಂಬ. ಇವೆಲ್ಲ ಆದ್ಮೇಲೆ ಮನೆ ಮಾತು.”

“ಕೋಟಿನ ಬಟ್ಟೆಗಿಂತ ಒಳಗಿನ ಲೈನಿಂಗೇ ದುಬಾರಿ ಆಯ್ತಲ್ಲಪ್ಪ,” ಎಂದ ದರ್ಜಿ.

“ಅದಕ್ಕೇ ಹೇಳ್ತೀನಿ, ಅಟ್ಟ ಬಿಟ್ಬಿಡಿ. ಗೋಡೆ ತಗ್ಗುತ್ತೆ, ಮರ ಉಳಿಯುತ್ತೆ, ಮೆಟ್ಟಿಲೂ ಉಳಿಯುತ್ತೆ. ಇಡೀ ಮನೇಲಿ ದೊಡ್ಡ ಖರ್ಚು ಅಂದ್ರೆ ಅದೇ.”

“ಬೇರೆ ಏನು ಬೇಕಾದ್ರೂ ಕೇಳು. ಅಟ್ಟದ ಸುದ್ದಿಗೆ ಮಾತ್ರ ಬರಬೇಡ.”

ಹೀಗೆ ಅಟ್ಟವೊಂದನ್ನು ಉಳಿಸಿಕೊಂಡು ದರ್ಜಿ ಉಳಿದದ್ದಕ್ಕೆಲ್ಲ ಕತ್ತರಿ ಹಾಕಿದ. ಕಿಟಕಿಗಳು ಅರ್ಧ ಹೋದವು. ಬಚ್ಚಲು ಎಷ್ಟು ಕುಗ್ಗಿತೆಂದರೆ, ಸೋಪು ಕೈಜಾರಿದರೆ ಅದನ್ನು ಎತ್ತಿಕೊಳ್ಳಲು ಹೊರಗೆ ಬಂದು ಬಗ್ಗಬೇಕು. ಅಷ್ಟಾದರೂ ಕೈಯಲ್ಲಿದ್ದ ದುಡ್ಡಿಗೂ ಖರ್ಚಿಗೂ ತಾಳೆಯಾಗಲಿಲ್ಲ. ಆಗ ಅಂಗಿ ಬಿಗಿ ಮಾಡುವ ಹಾಗೆ ಅಡುಗೆಮನೆಯನ್ನು ಸೊಂಟದಲ್ಲಿ ಸ್ವಲ್ಪ ಹಿಡಿದ. ಸಾಲದೆ ಇನ್ನೊಂದು ಸ್ವಲ್ಪ ಹಿಡಿದ. ಅಲ್ಲಿಗೆ ತಾಳೆಯಾಯಿತು. ದರ್ಜಿ ಮೀಸೆ ತಿರುವಿದ.

ಆದರೂ ಟ್ರಯಲ್ ನೋಡದೆ ಒಂದು ಕೋಟನ್ನೂ ಕೊಡದವನು ಮನೆ ಕಟ್ಟಲು ಬಿಟ್ಟಾನೆಯೇ? ಹಳೆಯ ಪರದೆ, ಉಳಿದ ಲೈನಿಂಗು, ಗಿರಾಕಿಗಳು ಕೊಟ್ಟು ಮರೆತ ಬಟ್ಟೆ ಎಲ್ಲವನ್ನೂ ಸೇರಿಸಿ ಅಷ್ಟೇ ಅಳತೆಯ ಒಂದು ಮನೆಯನ್ನೇ ಹೊಲಿದ! ಮುಂದಿನ ಗೋಡೆ ಪಟ್ಟೆಪಟ್ಟೆ, ಬಚ್ಚಲು ಹೂಹೂವು. ಎಲ್ಲ ಕಚ್ಚಾ ಹೊಲಿಗೆ, ಅದೂ ಉದ್ದಕ್ಕೂ ಒಂದೇ ದಾರದಲ್ಲಿ.

“ಕೊನೇಲಿ ಗಂಟು ಹಾಕಲ್ವಾ?” ಎಂದು ಕೇಳಿದಳು ಹೆಂಡತಿ.

“ಟ್ರಯಲ್ ಬಟ್ಟೆಗೆ ಯಾರಾದ್ರೂ ಗಂಟು ಹಾಕ್ತಾರಾ? ಒಂದು ತುದಿ ಎಳೆದ್ರೆ ಸಲೀಸಾಗಿ ಬಿಚ್ಕೋಬೇಕು. ಅದೇ ಕೆಲಸಗಾರಿಕೆ.”

ಅಂಗಡಿಗೆ ರಜೆಯಿದ್ದ ದಿನ ಬೆಳಿಗ್ಗೆ ಮೇಸ್ತ್ರಿ ಬಿದಿರು ನೆಟ್ಟು, ಹಗ್ಗ ಕಟ್ಟಿ, ಮನೆಯನ್ನು ಎತ್ತಿ ನಿಲ್ಲಿಸಿಕೊಟ್ಟ. ಹೊಲದ ನಡುವೆ ಬಟ್ಟೆಯ ಕೊಟ್ಟಿಗೆ ಗಾಳಿಗೆ ಉಬ್ಬುತ್ತಾ ನಿಂತಿತು. ಒಳಗೆ ಮೇಲ್ಗಡೆ ಅಟ್ಟವೆಂದು ಕಟ್ಟಿದ ದಪ್ಪ ಪರದೆಯೊಂದು ಜೋತಾಡುತ್ತಿತ್ತು. ದರ್ಜಿ ಒಳಗೆ ನಿಂತು ಅತ್ತಿತ್ತ ನೋಡಿದ. ಇನ್ನು ಇವಳು ನೆಮ್ಮದಿಯಾಗಿ ಮಲಗುತ್ತಾಳೆ ಎನಿಸಿ ಕಣ್ಣು ಒದ್ದೆಯಾಯಿತು. ಧೂಳು ಬಿತ್ತು ಎಂದು ಒರೆಸಿಕೊಂಡ.

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ಧ್ವನಿ ಬಂತು. “ರೀ, ಒಳಗೇನೋ ಬಂದೆ. ಈಗ ತಿರುಗೋದು ಹೇಗೆ?”

“ತಿರುಗೋದ್ಯಾಕೆ? ಹೋದ ಹಾಗೇ ಹಿಂದಕ್ಕೆ ಬಾ.”

“ಕುದಿಯೋ ಪಾತ್ರೆ ಹಿಡ್ಕೊಂಡು ಹಿಂದಕ್ಕಾ? ನೀವು ಒಂದ್ಸಲ ಮಾಡಿ ತೋರಿಸಿ ನೋಡೋಣ.”

“ಪಾತ್ರೆ ಇಳಿಸೋ ಹಾಗೆ ಮಾಡು. ಎಷ್ಟು ಬೇಕು ಅಂತ ನೋಡ್ತೀನಿ.”

ಅವಳು ಇಲ್ಲದ ಒಲೆಯಿಂದ ಇಲ್ಲದ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಮೊಣಕೈಗಳು ಎರಡೂ ಗೋಡೆಗೆ ತಾಗಿದವು. ಬಲಗೈಯ ಬಳೆಗೆ ದಾರದ ತುದಿ ಸಿಕ್ಕಿಕೊಂಡಿತು. ಅವಳು ಕೈ ಕೊಡವಿದಳು, ಅಡುಗೆಮನೆಯ ಗೋಡೆ ಚರ್ ಎಂದು ಬಿಚ್ಚಿಕೊಂಡಿತು. ಗಾಬರಿಯಾಗಿ ಇನ್ನೂ ಜೋರಾಗಿ ಎಳೆದಳು, ಬಚ್ಚಲು ಹೋಯಿತು!

“ಎಳೀಬೇಡ, ಎಳೀಬೇಡ!” ಎಂದು ದರ್ಜಿ ಓಡಿಬಂದ. ಏನಾಯಿತೆಂದು ನೋಡಲು ಮೇಸ್ತ್ರಿಯೂ ಒಳಗೆ ನುಗ್ಗಿದವನು ಬಿದಿರಿಗೆ ಎಡವಿದ. ದಾರ ಸರಸರ ಓಡಿತು. ಕೆಲಸಗಾರಿಕೆ ಎಂದರೆ ಕೆಲಸಗಾರಿಕೆಯೇ, ಎಲ್ಲಿಯೂ ಒಂದು ಹೊಲಿಗೆ ತಡೆಯಲಿಲ್ಲ. ಗೋಡೆ, ಮಾಡು, ಆ ಮಹಾ ಅಟ್ಟ, ಎಲ್ಲವೂ ಮೂವರ ತಲೆಯ ಮೇಲೆ ಬಂದು ಕೂತವು.

ಬಟ್ಟೆಯ ಕೆಳಗೆ ಮಬ್ಬುಗತ್ತಲು.

“ಪೆಟ್ಟಾಯ್ತೇನೇ?” ಎಂದು ದರ್ಜಿ ತಡಕಾಡಿದ.

“ನನಗೇನೂ ಆಗಿಲ್ಲ. ಅಲ್ಲಾ ರೀ, ಮೂವತ್ತು ವರ್ಷ ನನ್ನ ರವಿಕೆ ಹೊಲಿದಿದ್ದೀರಿ. ನನ್ನ ಕೈ ಎಷ್ಟು ಅಗಲ ಬರುತ್ತೆ ಅಂತ ನಿಮಗೆ ಗೊತ್ತಿಲ್ವಾ?”

“ದುಡ್ಡು ತಾಳೆ ಆಗ್ಲಿಲ್ಲ ಕಣೇ. ಅದಕ್ಕೇ ಸೊಂಟದಲ್ಲಿ ಒಂಚೂರು ಹಿಡಿದೆ.”

“ಆ ಅಟ್ಟ ಬಿಟ್ಟಿದ್ರೆ ಆಗ್ತಿತ್ತಲ್ಲ. ಅಲ್ಲೇನು ಗುಟ್ಟು ಇಡ್ತೀರಿ?”

ಮುಖ ಕಾಣದ ಕತ್ತಲಲ್ಲಿ ದರ್ಜಿಗೆ ನಿಜ ಹೇಳುವ ಧೈರ್ಯ ಬಂತು. “ಮೆಷಿನ್ನು. ನೀನು ದಿನಾ ಹೇಳ್ತಿದ್ಯಲ್ಲ, ಈ ಕಟಕಟ ಯಾವತ್ತು ನಿಲ್ಲುತ್ತೋ ಅಂತ. ಸದ್ದಿಲ್ಲದೆ ನೀನು ನಿದ್ದೆ ಮಾಡ್ಲಿ ಅಂತ.”

ಬಟ್ಟೆಯ ಕೆಳಗೇ ಅವಳು ಅವನ ಕಡೆ ತಿರುಗಿದಳು.

“ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂದೆ, ಕೇಳಲಿಲ್ಲ. ಕನ್ನಡಕ ಬದಲಾಯಿಸಿ ಅಂದೆ, ಕೇಳಲಿಲ್ಲ. ನಾನು ಹೇಳಿದ ಸಾವಿರ ಮಾತಲ್ಲಿ ನೀವು ನೆನಪಿಟ್ಕೊಂಡಿದ್ದು ಇದೊಂದನ್ನೇನಾ?” ಎಂದಳು ಅವಳು. ಆಮೇಲೆ ಧ್ವನಿ ಇಳಿಯಿತು. “ನಾನು ಗೊಣಗಿದ್ದು ಸದ್ದಿಗಲ್ಲ ರೀ. ಅಷ್ಟು ಹೊತ್ತಾದ್ರೂ ನೀವು ಮಲಗದೆ ಕೂತಿದ್ರಲ್ಲ, ಅದಕ್ಕೆ. ಮೆಷಿನ್ ಓಡ್ತಿದ್ರೆ ನೀವು ಅಲ್ಲೇ ಇದ್ದೀರಿ ಅಂತ ಧೈರ್ಯ, ನಿದ್ದೆ ಬರುತ್ತೆ. ಮಧ್ಯದಲ್ಲಿ ನಿಂತು ಹೋದ್ರೆ ಎಚ್ಚರ ಆಗುತ್ತೆ.”

ಊರಿನವರ ಅಳತೆಯೆಲ್ಲ ಬಾಯಿಪಾಠ ಮಾಡಿದ ದರ್ಜಿಗೆ, ಪಕ್ಕದಲ್ಲಿದ್ದವಳ ಇಷ್ಟು ಚಿಕ್ಕ ವಿಷಯ ತಿಳಿದಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೇಳಲಾರದಷ್ಟು ಸಂತೋಷವಾಯಿತು. ಅವಳ ಕೈ ಸಿಕ್ಕಿತು, ಗಟ್ಟಿಯಾಗಿ ಹಿಡಿದುಕೊಂಡ.

“ಅದು ನನ್ನ ಕೈ ಸ್ವಾಮಿ,” ಎಂದ ಮೇಸ್ತ್ರಿ.

ಮೂವರೂ ಬಟ್ಟೆ ಸರಿಸಿ ಹೊರಗೆ ಬಂದರು. ಮೇಸ್ತ್ರಿ ತಲೆಯ ಮೇಲಿದ್ದ ಹೂಹೂವಿನ ಬಚ್ಚಲನ್ನು ತೆಗೆದಿಟ್ಟು, ಗಂಟಲು ಸರಿಮಾಡಿಕೊಂಡು ಕೇಳಿದ. “ಹಂಗಾದ್ರೆ ಅಟ್ಟ ಬೇಡ ಅಂತ ಬರ್ಕೊಳ್ಲಾ?”

“ಅಟ್ಟ ಬೇಡ. ಮೆಷಿನ್ನು ನನ್ನ ಮಂಚದ ಪಕ್ಕಕ್ಕೇ ಬರಲಿ,” ಎಂದಳು ಹೆಂಡತಿ. ದರ್ಜಿ ಆಗಲಿ ಎಂದು ತಲೆಯಾಡಿಸಿದ.

“ಅಷ್ಟೂ ದುಡ್ಡು ಉಳಿಯಿತಲ್ಲ, ಏನು ಮಾಡ್ಲಿ ಅಮ್ಮಾ?”

“ಅಡುಗೆಮನೆಗೆ ಹಾಕಿ. ಇಬ್ಬರು ಆರಾಮಾಗಿ ನಿಂತು ಕೆಲಸ ಮಾಡೋ ಹಾಗಿರಲಿ.”

“ಇಬ್ಬರಾ? ಕೆಲಸಕ್ಕೆ ಯಾರನ್ನಾದ್ರೂ ಇಟ್ಕೋತೀರಾ?”

ಅವಳು ಗಂಡನ ತಲೆಗೂದಲಿಗೆ ಅಂಟಿದ್ದ ದಾರದ ಎಳೆಯೊಂದನ್ನು ಮೆಲ್ಲಗೆ ಬಿಡಿಸಿದಳು.

“ಇಟ್ಕೊಂಡು ಮೂವತ್ತು ವರ್ಷ ಆಯ್ತು,” ಎಂದಳು. “ಇನ್ನೂ ಕೆಲಸ ಶುರು ಮಾಡಿಲ್ಲ.”