ಒಂದು ಹೋಳಿಗೆಗೆ ಬೆಲ್ಲ ಎಷ್ಟು?

ಒಲೆ ಹಚ್ಚಿದ ಮನೆಯಲ್ಲಿ ಹೊಗೆ ಬಂದರೂ ಬರದಿದ್ದರೂ ನಗುವ ಸಂಗತಿ ಒಂದಾದರೂ ಬಂದೇ ಬರುತ್ತದೆ. ಅದರಲ್ಲೂ ಶಿಕಾರಿಪುರದ ನಾನು, ಸೊರಬದ ನಮ್ಮ ಬೀಗಿತ್ತಿ, ಇಬ್ಬರೂ ಒಂದೇ ಅಡುಗೆಮನೆ ಹೊಕ್ಕರೆ ಕೇಳುವುದೇ ಬೇಡ.

ಮೊಮ್ಮಗಳ ನಾಮಕರಣ ಬೀಗಿತ್ತಿಯ ಮನೆಯಲ್ಲಿ. ನಾನು, ನಮ್ಮ ಯಜಮಾನರು ಹಿಂದಿನ ದಿನವೇ ಬಸ್ಸು ಹತ್ತಿ ಸೊರಬಕ್ಕೆ ಹೋಗಿದ್ದೆವು. ಯಜಮಾನರಿಗೆ ಶುಗರ್ ಇದೆ, ಹೋಳಿಗೆ ಅಂದರೆ ಪ್ರಾಣ. ಡಾಕ್ಟ್ರನ್ನು ಕಾಡಿ ಬೇಡಿ, “ನಾಮಕರಣದ ದಿನ ಒಂದೇ ಒಂದು ಹೋಳಿಗೆ” ಅಂತ ಅಪ್ಪಣೆ ತಂದಿದ್ದರು. ಆ ಅಪ್ಪಣೆಗೆ ಕಾವಲು ನಮ್ಮ ಸೊಸೆ. ಬಾಣಂತಿ ಮಂಚದ ಮೇಲಿಂದಲೇ ಕೂಗಿ ಹೇಳಿದಳು:

“ಅತ್ತೆ, ಅಮ್ಮ, ಕೇಳಿ. ನಿಮ್ಮಿಬ್ಬರಲ್ಲಿ ಯಾರ ಹೋಳಿಗೆಗೆ ಬೆಲ್ಲ ಕಮ್ಮಿ ಹಿಡಿಯುತ್ತೋ ಅವರೇ ಮಾಡಿ. ಮಾವ ಅದನ್ನೇ ತಿನ್ನಲಿ.”

ಬಂದ ನೆಂಟರ ಬಾಯಲ್ಲಿ “ಹೋಳಿಗೆ ಯಾರದ್ರೀ?” ಅನ್ನಿಸಿಕೊಳ್ಳುವ ಆಸೆ ಇಬ್ಬರಿಗೂ ಇತ್ತು. ಸೆರಗು ಸಿಕ್ಕಿಸಿಕೊಂಡು ಎದುರುಬದುರು ನಿಂತೆವು.

೧. ಸಮ ಆಯ್ತಲ್ರೀ!

“ನಾನು ನಾಲ್ಕು ಲೋಟ ಬೇಳೆಗೆ ಮೂರು ಲೋಟ ಬೆಲ್ಲ ಹಾಕ್ತೀನಿ” ಅಂದರು ಬೀಗಿತ್ತಿ.

“ನಾನು ಮೂರು ಲೋಟಕ್ಕೆ ಎರಡು” ಅಂದೆ.

ಅವರು ಬೆರಳು ಮಡಚಿ ನೋಡಿದರು. “ಇಬ್ಬರದೂ ಬೇಳೆಗಿಂತ ಬೆಲ್ಲ ಒಂದೇ ಲೋಟ ಕಮ್ಮಿ. ಸಮ ಆಯ್ತಲ್ರೀ ಅಕ್ಕಾರೆ!”

ಹೊರಗಿನ ಕಟ್ಟೆಯಿಂದ ಯಜಮಾನರ ದನಿ: “ಸಮ ಆದ್ರೆ ಇಬ್ಬರದೂ ಒಂದೊಂದು ತಿಂತೀನಿ. ಯಾರಿಗೂ ಬೇಜಾರು ಬೇಡ.”

“ಸುಮ್ನಿರ್ರೀ!” ಅಂತ ಗದರಿಸಿ, ಬೀಗಿತ್ತಿಗೆ ಹೇಳಿದೆ. “ಒಂದೊಂದು ಲೋಟ ಬೇಳೆಗೆ ಎಷ್ಟು ಬೀಳುತ್ತೆ ನೋಡಿ. ನಿಮ್ಮದು ಮುಕ್ಕಾಲು ಲೋಟ. ನನ್ನದು ಅರ್ಧ ದಾಟುತ್ತೆ, ಮುಕ್ಕಾಲು ಮುಟ್ಟಲ್ಲ.”

“ಅದೆಂಗೆ? ಒಂದೇ ಲೋಟ ಕಮ್ಮಿ ಅಂದ್ನಲ್ಲ!”

“ಹಂಗಾದ್ರೆ ಎರಡು ಲೋಟ ಬೇಳೆಗೆ ಒಂದು ಲೋಟ ಬೆಲ್ಲ ಹಾಕಿದೋಳದೂ ಸಮ. ಒಂದು ಲೋಟ ಬೇಳೆಗೆ ಬೆಲ್ಲನೇ ಹಾಕದೋಳದೂ ಸಮ. ಅದೂ ಒಂದೇ ಲೋಟ ಕಮ್ಮಿ ತಾನೇ?”

ಮಂಚದ ಮೇಲಿಂದ ಸೊಸೆ ಅಂದಳು: “ಅಮ್ಮಾ, ಅದನ್ನ ಪಲ್ಯ ಅಂತಾರೆ.”

೨. ಗಾಳಿ ಬೆಲ್ಲ

ಬೀಗಿತ್ತಿ ಸೋಲುವ ಪೈಕಿ ಅಲ್ಲ. ನನ್ನ ಲೋಟ ಇಸಿದುಕೊಂಡು ಇಣುಕಿದರು. ಅವರು ಬೆಲ್ಲ ನುಣ್ಣಗೆ ಪುಡಿ ಮಾಡಿ ಅಳೆಯುವವರು. ನಾನು ಜಜ್ಜಿ ಹೆಂಟೆ ಹೆಂಟೆಯಾಗಿಯೇ ಅಳೆಯುವವಳು.

“ಇದರಲ್ಲಿ ಬೆಲ್ಲ ಎಷ್ಟು, ಗಾಳಿ ಎಷ್ಟು ಅಕ್ಕಾರೆ? ಇದು ಲೆಕ್ಕಕ್ಕೆ ಬರಲ್ಲ. ಪುಡಿ ಮಾಡಿ ಅಳೀರಿ!”

ಸರಿ ಅಂತ ನನ್ನ ಎರಡು ಲೋಟ ಬೆಲ್ಲವನ್ನೂ ಅವರೇ ಒರಳಿಗೆ ಸುರಿದು ಬೆವರು ಸುರಿಸಿ ಕುಟ್ಟಿದರು. ವಾಪಸು ಅಳೆದರೆ ಆದದ್ದು ಒಂದೂವರೆ ಲೋಟ. ಮೂರು ಲೋಟ ಬೇಳೆಗೆ ಒಂದೂವರೆ, ಅಂದರೆ ಒಂದಕ್ಕೆ ಅರ್ಧವೇ. ನನ್ನ ಬೆಲ್ಲ ಇನ್ನೂ ಕಮ್ಮಿಯಾಯಿತು.

ಬೀಗಿತ್ತಿ ಒನಕೆ ಗೋಡೆಗೆ ಒರಗಿಸಿದರು. “ಅಲ್ರೀ, ನಿಮ್ಮನ್ನ ಗೆಲ್ಲಿಸೋಕೆ ನಾನ್ಯಾಕೆ ಇಷ್ಟೊತ್ತು ಕುಟ್ಟಿದೆ?”

೩. ಬೇಳೆ ಬೇಡ, ಹೋಳಿಗೆ ಹೇಳಿ

ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಬೀಗಿತ್ತಿಗೆ ಹೊಸ ದಾರಿ ಹೊಳೆಯಿತು. “ಬೀಗರು ತಿನ್ನೋದು ಲೋಟ ಬೇಳೆ ಅಲ್ಲ, ಹೋಳಿಗೆ. ಒಂದು ಹೋಳಿಗೆಗೆ ಬೆಲ್ಲ ಎಷ್ಟು, ಅದು ಹೇಳಿ.”

ಇಲ್ಲಿ ನಾನು ಸಿಕ್ಕಿಬಿದ್ದೆ. ನನ್ನ ಹೋಳಿಗೆ ಅಂಗೈಗಿಂತ ದೊಡ್ಡದು, ದಪ್ಪ. ಒಂದು ಲೋಟ ಬೇಳೆಗೆ ಎಂಟೇ ಆಗುವುದು. ಅವರದು ಸಣ್ಣದು, ವೀಳ್ಯದೆಲೆಯ ಹಾಗೆ ತೆಳ್ಳಗೆ. ಅಷ್ಟೇ ಬೇಳೆಗೆ ಇಪ್ಪತ್ನಾಲ್ಕು ತೆಗೆಯುತ್ತಾರೆ. ಸೊಸೆ ಮಂಚದ ಮೇಲೆಯೇ ಲೆಕ್ಕ ಹಾಕಿದಳು. ಒಂದು ಲೋಟ ಬೆಲ್ಲದಲ್ಲಿ ನನ್ನವು ಹದಿನಾರು, ಅವರವು ಮೂವತ್ತೆರಡು. ಅವರ ಹೋಳಿಗೆಯಲ್ಲಿ ಬೆಲ್ಲ ನನ್ನದರ ಅರ್ಧ.

“ಅಮ್ಮ ಗೆದ್ದಳು” ಅಂದಳು.

ಬೀಗಿತ್ತಿ ಮಾದರಿಗೆ ಅಂತ ಒಂದನ್ನು ಬೇಯಿಸಿ ಯಜಮಾನರಿಗೆ ದೂರದಿಂದಲೇ ತೋರಿಸಿದರು. ಅವರು ಕನ್ನಡಕ ಸರಿ ಮಾಡಿಕೊಂಡು ಕೇಳಿದರು: “ಬೀಗಿತ್ತೀರೇ, ಎಲ್ಲಿಟ್ಟಿದ್ದೀರಿ ಅದನ್ನ?”

೪. ಡಾಕ್ಟ್ರ ಒಂದು

ನಾಮಕರಣ ಚೆನ್ನಾಗಿ ಆಯಿತು. ಪಂಕ್ತಿ ಕೂತಿತು. ಯಜಮಾನರ ಎಲೆಗೆ ಒಂದು ತೆಳ್ಳನೆ ಹೋಳಿಗೆ ಬಿತ್ತು. ಎರಡು ತುತ್ತಿಗೆ ಮುಗಿಯಿತು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದ ಸೊಸೆಗೆ ಹೇಳಿದರು:

“ನಿಮ್ಮತ್ತೇದು ಒಂದು ಅಂದ್ರೆ ನಿಮ್ಮಮ್ಮಂದು ಎರಡು. ನೀನೇ ಮಾಡಿದ ಲೆಕ್ಕ ಕಣವ್ವ.”

ಸೊಸೆ ಅಮ್ಮನಿಗೆ ಸನ್ನೆ ಮಾಡಿ ಇನ್ನೊಂದು ಹಾಕಿಸಿದಳು. ಅದೂ ಹೋಯಿತು. ಯಜಮಾನರು ಮತ್ತೆ ಕೈ ಚಾಚಿದರು.

“ಮಾವಾ!”

“ಒಂದು ಅಂದಿದ್ದು ಯಾರು? ಡಾಕ್ಟ್ರು. ಅವರು ಹಾವೇರಿ ಕಡೆಯವರು. ಆ ಕಡೆ ಹೋಳಿಗೆ ತಟ್ಟೆ ತುಂಬಾ ಇರುತ್ತೆ. ಅವರ ಒಂದು ಅಂದ್ರೆ ನಿಮ್ಮಮ್ಮನ ನಾಲ್ಕಕ್ಕೆ ಮೋಸ ಇಲ್ಲ.”

ಪಂಕ್ತಿಯವರೆಲ್ಲ ತುತ್ತು ನಿಲ್ಲಿಸಿ ಸೊಸೆಯ ಮುಖ ನೋಡಿದರು. ಬೀಗಿತ್ತಿಯಂತೂ ಸೌಟು ಹಿಡಿದವರು ಹಾಗೇ ನಿಂತರು.

“ಸರಿ ಮಾವ, ನಾಲ್ಕು ತಿನ್ನಿ” ಅಂದಳು ಸೊಸೆ, ತಣ್ಣಗೆ. “ಆದ್ರೆ ದಿನಾ ಒಂದು ಸುತ್ತು ನಡೀರಿ ಅಂತ ಹೇಳಿದ್ದೂ ಅದೇ ಡಾಕ್ಟ್ರಲ್ವಾ? ನೀವು ಮನೆ ಸುತ್ತ ಒಂದು ಸುತ್ತು ಹಾಕಿ ಕೂತ್ಕೊಂಡು ಬಿಡ್ತೀರಿ. ಅವರ ಒಂದು ಸುತ್ತು ಅಂದ್ರೆ ಕೆರೆ ಸುತ್ತು ಇರ್ಬೇಕು. ನಾಳೆಯಿಂದ ಅದನ್ನೂ ಅವರ ಅಳತೇಲೇ ಹಾಕಿ.”

ಯಜಮಾನರು ಚಾಚಿದ ಕೈಯನ್ನು ಎಲೆಯ ಮೇಲೆ ಹಿಡಿದು, ಬಡಿಸಲು ಬಂದ ಬೀಗಿತ್ತಿಯನ್ನು ತಡೆದರು.

“ಸಾಕು ಬೀಗಿತ್ತೀರೇ. ನಿಮ್ಮ ಹೋಳಿಗೆ ನೋಡೋಕೆ ತೆಳ್ಳಗೆ, ಹೊಟ್ಟೆ ಬಲು ತುಂಬುತ್ತೆ.”