ಅತ್ತೆಯ ನಕಾಶೆಗೆ ನಾಲ್ವರು ಸೊಸೆಯರು

ಬೇಸಿಗೆಯಲ್ಲಿ ನಮ್ಮ ಅತ್ತೆಯ ಮನೆಗೆ ಹೋಗುವವರು ಒಂದು ಬೀಸಣಿಗೆ ಜೊತೆಗಿಟ್ಟುಕೊಳ್ಳುವುದು ಕ್ಷೇಮ. ಅವರ ಮನೆಯಲ್ಲಿ ಫ್ಯಾನಿಲ್ಲ ಎಂದಲ್ಲ. ಮೂರಿವೆ. ಮೂರೂ ಕಂಪ್ಯೂಟರುಗಳ ಕಡೆಗೆ ಮುಖ ಮಾಡಿ ನಿಂತಿವೆ! ದಾವಣಗೆರೆಯ ಬಿಸಿಲಿಗೆ ಬೆಂದು ಬಂದವರು ಬೆವರೊರೆಸಿಕೊಳ್ಳುತ್ತಾ "ಅತ್ತೆ, ಒಂದನ್ನ ಸ್ವಲ್ಪ ಈ ಕಡೆ ತಿರುಗಿಸ್ಲಾ?" ಎಂದು ಕೇಳಿದರೆ ಸಿಗುವ ಉತ್ತರ ಇದು:

"ನೀನು ಬಿಸಿಯಾದ್ರೆ ಏನೂ ಅಳಿಸಿ ಹೋಗಲ್ಲ ಕಣಪ್ಪ. ಅವು ಬಿಸಿಯಾದ್ರೆ ಅರ್ಧ ಹರಿಹರ ತಾಲೂಕು ಅಳಿಸಿ ಹೋಗ್ತೈತೆ!"

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಕೆ.ಬಿ. ಬಡಾವಣೆಯಲ್ಲಿ ಮನೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ, ಇಲ್ಲವೇ ಧಾರಾವಾಹಿ ನೋಡುತ್ತಾರೆ. ಅತ್ತೆ ಕಾಲುವೆ ಏರಿಯ ಮೇಲೆ ನಡೆಯತೊಡಗಿದರು! ಕಾರಣ, ಕೊಕ್ಕನೂರಿನಲ್ಲಿ ಆಶಾ ಕಾರ್ಯಕರ್ತೆಯಾಗಿರುವ ಅವರ ಹಳೆಯ ಶಿಷ್ಯೆ. "ಟೀಚರ್, ಹೊಲದಾಗಿನ ಮನೆಗಳು ಯಾವ ಮ್ಯಾಪಿನಾಗೂ ಇಲ್ಲ. ಆಂಬುಲೆನ್ಸಿನೋರು ಕಾಲುವೆ ತನಕ ಬಂದು, ಮುಂದೆ ಎಲ್ಲಿಗೆ ಅಂತ ನಿಂತು ಬಿಡ್ತಾರೆ" ಎಂದು ಆಕೆ ಹೇಳಿದ್ದೇ ತಡ, ಅತ್ತೆ ಕೊಡೆ ಹಿಡಿದು ಆ ಕಡೆಗೆ ಹೋಗುವ ಭಾನುವಳ್ಳಿ ಬಸ್ಸು ಹತ್ತಿದರು. ಬಂಡಿದಾರಿ, ತೂಬು, ಒಂಟಿ ಮನೆ ಎಲ್ಲವನ್ನೂ ಫೋನಿನಲ್ಲಿ ಗುರುತು ಮಾಡಿಕೊಳ್ಳುವುದು, ಮನೆಗೆ ಬಂದು ಕಂಪ್ಯೂಟರಿನ ನಕಾಶೆಗೆ ಏರಿಸುವುದು. ಇದೇ ಕೆಲಸ. ಆ ನಕಾಶೆಯನ್ನು ಆಂಬುಲೆನ್ಸಿನವರು ತಮ್ಮ ಫೋನಿನಲ್ಲೇ ತೆರೆದು ನೋಡಬಹುದು.

ಆ ಕಂಪ್ಯೂಟರು ಒಂದು ದಿನ ಟಿಕ್ ಟಿಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಅದರೊಂದಿಗೆ ಭಾನುವಳ್ಳಿಯ ಅರ್ಧ ಹೊಲಗಳೂ ಮಾಯ! ಅತ್ತೆ ಅಳಲಿಲ್ಲ. ಊಟ ಬಿಟ್ಟರು, ಅದೂ ಒಂದೇ ಹೊತ್ತು. ಮುಂದಿನ ಹೊತ್ತಿಗೆ ರೊಟ್ಟಿ ಮುರಿಯುತ್ತಾ ಮೊಬೈಲಿನಲ್ಲಿ ಕಂಪ್ಯೂಟರ್ ಪಾಠ ಕೇಳುತ್ತಿದ್ದರು. ಕಳೆದುಹೋದ ಹೊಲಗಳನ್ನು ಮತ್ತೆ ನಡೆದು ಮುಗಿಸುವಷ್ಟರಲ್ಲಿ, ಬಾಗಿಲು ಮುಚ್ಚಿದ್ದ ಒಂದು ತರಬೇತಿ ಕೇಂದ್ರದಿಂದ ಮೂರು ಹಳೆಯ ಕಂಪ್ಯೂಟರುಗಳು ಆಟೋದಲ್ಲಿ ಬಂದಿಳಿದಿದ್ದವು.

"ಇದೇನತ್ತೆ, ಅಂಗಡಿ ಇಡ್ತೀರಾ?"

"ಸೊಸೇರು ಕಣೋ. ಒಂದೊಂದು ಕೆಲ್ಸ ಇಬ್ಬಿಬ್ರಿಗೆ ಹಂಚಿರ್ತೀನಿ. ಒಬ್ಬಾಕಿ ತವರಿಗೆ ಹೋದ್ರೂ ಮನೆ ನಡೀತೈತೆ."

ಓದಿದವರು ಇದನ್ನು ಕ್ಲಸ್ಟರ್ ಎನ್ನುತ್ತಾರಂತೆ. ಇರಲಿ. ಮಗನಿಲ್ಲದೆ ಮೂವರು ಸೊಸೆಯರನ್ನು ಒಂದೇ ಆಟೋದಲ್ಲಿ ಮನೆ ತುಂಬಿಸಿಕೊಂಡವರು ಜಿಲ್ಲೆಯಲ್ಲಿ ಬೇರೆ ಯಾರಿದ್ದಾರೆ ಹೇಳಿ?

ದೊಡ್ಡಾಕಿ ಗಟ್ಟಿಗಿತ್ತಿ, ಸಣ್ಣಾಕಿ ಚುರುಕು. ನಡುವಿನಾಕಿ ಮಾತ್ರ ಸೂಕ್ಷ್ಮ. ಮನೆಯಲ್ಲಿ ಮಿಕ್ಸಿ ಹಾಕಿದರೆ ಸಾಕು, ಪಟ್ಟನೆ ಆಫ್! ಹಾಗಾಗಿ ನಮ್ಮ ಮಾವ ಒರಳುಕಲ್ಲಿನ ಮುಂದೆ ಕೂರಬೇಕಾಯಿತು. "ನಮ್ಮವ್ವ ಸೈತ ನನ್ನ ಕೈಲಿ ಚಟ್ನಿ ರುಬ್ಬಿಸಿರಲಿಲ್ಲ. ಈ ಸೊಸೆ ರುಬ್ಬಿಸಿದ್ಲು ನೋಡಪ್ಪ" ಎಂದು ಅವರು ನನಗೆ ಕೈ ತೋರಿಸಿದ್ದುಂಟು.

ಅತ್ತೆಯ ಪರೀಕ್ಷೆಗಳೋ, ಹೇಳುವ ಹಾಗಿಲ್ಲ. ಮಗಳ ಕಡೆಯ ಬೀಗರು ಕಾಫಿ ಕುಡಿಯುತ್ತಿರುವಾಗ ಧಡಕ್ಕನೆ ಎದ್ದು ದೊಡ್ಡಾಕಿಯ ವೈರು ಕಿತ್ತು, ಅವರ ಮುಖದ ಮುಂದೆ ಫೋನು ಹಿಡಿದು, "ಕೊಕ್ಕನೂರು ಐತಾ ನೋಡ್ರಿ!" ಎಂದರು. "ಐತ್ರಿ, ಐತ್ರಿ" ಎಂದು ಬೀಗರು ಗಾಬರಿಯಿಂದ ಲೋಟ ಕೆಳಗಿಟ್ಟರು. ಕೊಕ್ಕನೂರು ಎಲ್ಲಿಗೆ ಹೋಗಿತ್ತು ಎಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ!

ಇಷ್ಟಾದರೂ ಅತ್ತೆಗೆ ಒಂದು ಚಿಂತೆ ಉಳಿಯಿತು. ಬೀದಿಗೇ ಕರೆಂಟು ಹೋದರೆ ಮೂವರೂ ಒಟ್ಟಿಗೆ ಮಲಗುತ್ತಾರಲ್ಲ? ಸರಿ, ನಾಲ್ಕನೆಯ ಸೊಸೆ ಅತ್ತೆಯ ತೊಡೆಯ ಮೇಲೆ ಕುಳಿತು, ಬಸ್ಸಿನಲ್ಲಿ, ಹರಿಹರದ ನನ್ನ ಜೆರಾಕ್ಸ್ ಅಂಗಡಿಗೆ ಬಂದಳು. "ಆ ಮೂವರ ಹತ್ರ ಇರೋದೆಲ್ಲ ಇವಳ ಹತ್ರಾನೂ ಇರ್ತೈತೆ. ಅವರು ಓ ಅನ್ನದಿದ್ರೆ ಇವಳು ಮಾತಾಡ್ತಾಳೆ" ಎಂದು ಹೇಳಿ ಹೋದರು.

ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ದಿನಾ ಫೋನು. ಒಮ್ಮೆ ಲ್ಯಾಮಿನೇಷನ್ ಯಂತ್ರಕ್ಕೆ ಜಾಗ ಸಾಲದೆ ನಾಲ್ಕನೆಯಾಕೆಯ ಪ್ಲಗ್ ಕಿತ್ತಿದ್ದೆ.

"ಲೈಟು ಮಿಣುಕ್ತೈತೇನೋ?"

"ಮಿಣುಕ್ತೈತೆ ಅತ್ತೆ. ಹಸಿರು."

"ಸುಳ್ಳು ಹೇಳಬ್ಯಾಡ. ಆಕಿ ಉಸಿರು ನಿಂತು ಅರ್ಧ ಗಂಟೆ ಆತು. ನನಗೆ ಇಲ್ಲೇ ಕಾಣ್ತೈತೆ!"

ಈಚೆಗೆ ಒಂದು ಮಧ್ಯಾಹ್ನ ಅಂಗಡಿ ತುಂಬಾ ಜನ. ಅತ್ತೆಯ ಫೋನು ಬಂತು. ದನಿ ಎಂದಿನಂತಿರಲಿಲ್ಲ.

"ಬೀದಿ ಟ್ರಾನ್ಸ್‌ಫಾರ್ಮರ್ ಸುಟ್ಟೈತೆ, ಮೂವರೂ ಬಿದ್ದಾರೆ. ಕೊಕ್ಕನೂರು ಹೊಲದಾಗೆ ಒಬ್ಬಾಕಿಗೆ ಹೆರಿಗೆ ನೋವು, ಆಂಬುಲೆನ್ಸು ಹೊಂಟೈತೆ, ಯಾವ ಮನೆ ಅಂತ ನನ್ನ ಶಿಷ್ಯೆ ಹೇಳ್ಯಾಳೆ. ಡ್ರೈವರ್ ನೋಡ್ತಿರೋ ನಕಾಶೆ ಈಗ ನಿನ್ನ ಅಂಗಡಿಯಿಂದ ಹೋಗ್ತೈತೆ. ಯಾರೂ ಮುಟ್ಟಬ್ಯಾಡ್ರಿ!"

ಉಳಿದ ಯಂತ್ರಗಳನ್ನೆಲ್ಲ ಆರಿಸಿ, ಪ್ಲಗ್ಗಿಗೆ ಅಡ್ಡವಾಗಿ ನಿಂತೆ. "ಜೆರಾಕ್ಸ್ ಇಲ್ರಿ, ಹೆರಿಗೆ ಐತೆ" ಎಂದೆ.

"ಇಲ್ಲೇನ್ರಿ?!" ಎಂದು ಒಬ್ಬರು ಎರಡು ಹೆಜ್ಜೆ ಹಿಂದೆ ಸರಿದರು.

ಆ ಪುಟ್ಟ ಹಸಿರು ದೀಪವನ್ನೇ ನೋಡುತ್ತಾ ಎಷ್ಟು ಹೊತ್ತು ನಿಂತೆನೋ. ಕೊನೆಗೆ ಅತ್ತೆ ಫೋನು ಮಾಡಿ "ಗಾಡಿ ಮನೆ ಮುಟ್ಟಿತು" ಎಂದರು. ಸಂಜೆ ಹೊತ್ತಿಗೆ ಸುದ್ದಿ ಬಂತು. ಆಸ್ಪತ್ರೆಯಲ್ಲಿ ಸುಸೂತ್ರ ಹೆರಿಗೆ, ಹೆಣ್ಣು ಕೂಸು.

ತಿಂಗಳು ಕಳೆದ ಮೇಲೆ ಅತ್ತೆಯೂ ನಾನೂ ಕೂಸು ನೋಡಲು ಹೋದೆವು. ಬಾಣಂತಿ ಒಳಗೆ ಕರೆದು ಕೂರಿಸಿ ಕೇಳಿದಳು, "ನಮ್ಮನೆ ನಿಮಗೆ ಹೆಂಗ್ ಗೊತ್ತಾತ್ರಿ?"

ಅತ್ತೆ ಫೋನು ತೆರೆದು ತೋರಿಸಿದರು. ಹೊಲಗಳ ನಡುವೆ ಒಂದು ಚುಕ್ಕೆ. ಪಕ್ಕದಲ್ಲಿ 'ಮಜ್ಜಿಗೆ ಅಜ್ಜಿ ಮನೆ' ಎಂದು ಬರೆದಿತ್ತು.

"ಎರಡು ವರ್ಷದ ಹಿಂದೆ ಈ ದಾರೀಲಿ ಬಂದಿದ್ನಮ್ಮ. ಒಬ್ರು ಅಜ್ಜಿ ಕರ್ದು, ನೆರಳಾಗೆ ಕೂರಿಸಿ ಮಜ್ಜಿಗೆ ಕೊಟ್ರು. ಹೆಸರು ಕೇಳೋದೇ ಮರ್ತೆ. ಎಲ್ಲಿ ಅವರು?"

"ನಮ್ಮತ್ತೆ ರೀ ಅವರು. ಹೋಗಿ ವರ್ಷ ಆತು."

ಅತ್ತೆ ಫೋನನ್ನು ಬಾಣಂತಿಯ ಮುಂದೆ ಹಿಡಿದು, "ಹಂಗಾರೆ ಈಗ ನಿನ್ನ ಹೆಸರು ಹಾಕ್ಲೇನಮ್ಮ?" ಎಂದರು.

ಆಕೆ ಆ ಚುಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದಳು. "ಬ್ಯಾಡ್ರಿ, ಹಂಗೇ ಇರ್ಲಿ. ಅವರ ಹೆಸರು ಹಿಡ್ಕಂಡೇ ಗಾಡಿ ಬಂತಲ್ರಿ."

ಅತ್ತೆ ಫೋನನ್ನು ಚೀಲಕ್ಕೆ ಹಾಕಿ, ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೂಸಿಗೆ ಚಾಚಿದರು.