ತಾಟಿಗೆ ಎರಡು ಸಲ

ನಮ್ಮ ಮೊಮ್ಮಗಳು ಗಿರಿಜಾ ಸಿನಿಮಾಕ್ಕೆ ಮಾತು ಬರೆದಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಮನೆಮಂದಿಯೆಲ್ಲ ಕೂತು ನಗುವಂಥ ಸಿನಿಮಾ. ಹಲಗೇರಿಯಲ್ಲಿ ಈ ಸುದ್ದಿ ತಿಳಿಯದವರು ಯಾರೂ ಉಳಿದಿಲ್ಲ. ಕಟಿಂಗ್ ಅಂಗಡಿಯ ಬಸಣ್ಣನಂತೂ ಎರಡು ಸಲ ಕೇಳಿದ್ದಾನೆ, ನನ್ನ ಗಡ್ಡ ಅರ್ಧ ಆಗಿದ್ದಾಗ ಒಮ್ಮೆ, ಪೂರಾ ಆದ ಮೇಲೆ ಒಮ್ಮೆ.

ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೂ ಸಿನಿಮಾದವರ ಮೇಲೆ ನನಗೊಂದು ಹಳೆಯ ಸಿಟ್ಟಿತ್ತು. ನಮ್ಮ ಕಡೆಯ ಮಾತಾಡುವವನು ಅದರಲ್ಲಿ ಬಂದರೆ ಒಂದೋ ಪೆಟ್ಟು ತಿನ್ನಬೇಕು, ಇಲ್ಲ ಕಳೆದ ಎಮ್ಮೆ ಹುಡುಕುತ್ತ ಬರಬೇಕು. ನಮಗೆ ಮನೆ ಇಲ್ಲವೇ, ಸೊಸೆಯಂದಿರಿಲ್ಲವೇ? ಗಿರಿಜಾ ಈ ಕೆಲಸ ಹಿಡಿದಾಗ ಕರೆದು ಹೇಳಿದ್ದೆ, "ನಮ್ಮಂಥಾ ಮನೀನ ತೋರಸವಾ. ಇದ್ದದ್ದು ಇದ್ದಂಗ ತೋರಸು."

"ಖರೇನ ಇದ್ದಂಗ ತೋರಸ್ಲೇನಜ್ಜ?" ಎಂದು ಅವಳು ನಕ್ಕಳು. ಆ ನಗೆಯನ್ನು ಅಲ್ಲೇ ಹಿಡಿದು ವಿಚಾರಿಸಬೇಕಿತ್ತು.

ಸಿನಿಮಾದಲ್ಲಿ ಒಬ್ಬ ಅಜ್ಜನಿದ್ದಾನೆ ಎಂದು ಗಿರಿಜಾ ಹೇಳಿದ್ದೇ ತಡ, ಆ ಅಜ್ಜ ಅಂದರೆ ನಾನೇ, ಸಂಸಾರ ಹೇಗೆ ನಡೆಸಬೇಕು ಅಂತ ನೋಡಿ ಕಲಿಯಿರಿ ಎಂದು ಹೇಳಿ, ಬಸಣ್ಣನೂ ಸೇರಿ ಹತ್ತು ಹನ್ನೆರಡು ಮಂದಿಯನ್ನು ರಾಣೇಬೆನ್ನೂರಿನ ಟಾಕೀಜಿಗೆ ಹೊರಡಿಸಿದೆ. ಪರದೆಯ ಮೇಲೆ ಅವಳ ಹೆಸರು ಬಂತು. ನಾನು 'ಗಿರಿ' ಎಂದು ಓದುವಷ್ಟರಲ್ಲಿ ಹೋಗಿಯೇಬಿಟ್ಟಿತು. ಉಳಿದದ್ದು ನನಗೆ ಗೊತ್ತಿದ್ದದ್ದೇ.

ಆಮೇಲೆ ಅಜ್ಜ ಬಂದ. ಒಬ್ಬನೇ ಉಣ್ಣಲು ಕೂತ. ಹೆಂಗಸರೆಲ್ಲ ಒಲೆಯ ಮುಂದೆ. ರೊಟ್ಟಿ ಮುಗಿದ ಕೂಡಲೇ ಬೆರಳಿನಿಂದ ತಾಟಿನ ಅಂಚಿಗೆ ಎರಡು ಸಲ ಬಾರಿಸಿದ. ಟಣ್ ಟಣ್. ಬಿಸಿ ರೊಟ್ಟಿ ಓಡಿ ಬಂತು. ಮದುವೆಯಾದಾಗಿನಿಂದ ನಾನು ಬಾರಿಸುತ್ತ ಬಂದದ್ದೂ ಅದನ್ನೇ. ಹಿಂದಿನ ಸಾಲಿನಿಂದ ಬಸಣ್ಣ ನನ್ನ ಹೆಗಲು ತಟ್ಟಿದ. ನನ್ನ ಹೆಂಡತಿ ನೀಲವ್ವ ಬಾಯಿಗೆ ಸೆರಗನ್ನೂ ಹಿಡಿಯದೆ ನಕ್ಕು, "ಇದನ್ನ ಮನ್ಯಾಗ ದಿನಾ ನೋಡ್ತೇನಲ್ರಿ. ಇದಕ್ಕೂ ಟಿಕೀಟ ತಗಸಬೇಕೇನು?" ಎಂದಳು.

ಒಂದು ಕಡೆ ಮಾತ್ರ ಯಾರೂ ನಗಲಿಲ್ಲ. ಎಲ್ಲರದೂ ಮುಗಿದ ಮೇಲೆ ಅಜ್ಜಿ ಬುಟ್ಟಿ ತೆರೆದು ನೋಡುತ್ತಾಳೆ, ಒಂದೇ ರೊಟ್ಟಿ. "ನೀ ಉಣ್ಣವಾ, ನನಗ ಹಸಿವಿಲ್ಲ" ಎಂದು ಸೊಸೆಗೆ ಹೇಳುತ್ತಾಳೆ. ಆ ಮಾತನ್ನು ನಮ್ಮ ಮನೆಯಲ್ಲಿ ನಾನೂ ಕೇಳಿದ್ದೆ. ನಂಬಿಯೂ ಇದ್ದೆ.

ಮರಳುವ ಬಸ್ಸಿನಲ್ಲಿ, ನಮ್ಮ ಜೊತೆಗೇ ಬಂದಿದ್ದ ಗಿರಿಜಾ ಮೆಲ್ಲಗೆ, "ಸಿಟ್ಟ ಬಂತೇನಜ್ಜ?" ಎಂದಳು. ಅವಳ ಮುಖ ಸಣ್ಣದಾಗಿತ್ತು. ಆ ಅಜ್ಜ ನಾನಲ್ಲ ಎನ್ನಲು ದಾರಿಯಿರಲಿಲ್ಲ, ಊರಿಗೆಲ್ಲ ಸಾರಿದವನು ನಾನೇ.

"ಛಲೋ ಬರದೀ ತಗೀ," ಎಂದೆ. "ಆದರ ಅಂವಗ ತಾಟ ಬಾರಸಾಕ ಬರೂದಿಲ್ಲ. ನನ್ನ ಕೇಳಬೇಕಿಲ್ಲ?"

ಸಂಜೆ ನಾನೇ, "ಇವತ್ತ ಎಲ್ಲಾರೂ ಕೂಡೇ ಉಣ್ಣೂಣು" ಎಂದೆ. ನೀಲವ್ವ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ರೊಟ್ಟಿ ಎಲ್ಲ ಬಡಿದಾದ ಮೇಲೆ ಮಗ, ಸೊಸೆ, ಗಿರಿಜಾ, ನಾವಿಬ್ಬರು ಸುತ್ತ ಕೂತೆವು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಎರಡನೇ ರೊಟ್ಟಿ ಮುಗಿಯಿತು. ಹಾಳು ಬೆರಳು, ತಾನಾಗಿಯೇ ತಾಟಿಗೆ ಹೋಯಿತು. ಟಣ್ ಟಣ್.

ಎಲ್ಲರ ಕೈಯೂ ನಿಂತಿತು. ಆಗ ನೀಲವ್ವ, ನನ್ನನ್ನೇ ನೋಡುತ್ತ, ತನ್ನ ತಾಟಿಗೆ ಬಾರಿಸಿದಳು. ಎರಡು ಸಲ.

ಬುಟ್ಟಿ ಒಲೆಯ ಹತ್ತಿರವಿತ್ತು. ಮೊಣಕಾಲು ಹಿಡಿದುಕೊಂಡು ಎದ್ದು ತಂದು, ಮೊದಲು ಅವಳಿಗೆ ಹಾಕಿದೆ. ನಾನು ಮರಳಿ ಕೂರುವಷ್ಟರಲ್ಲಿ ಗಿರಿಜಾಳ ತಾಟು ಸದ್ದು ಮಾಡಿತು.